ಹನ್ನೊಂದನೆಯ ಸಾಲು

"ಹನ್ನೊಂದನೆಯ ಸಾಲಿನಲ್ಲಿ ತಪ್ಪಿದೆ," ಎಂದು ಡಾನ್ ಕ್ರಿಸಾಂತೊ ಹಾಳೆಯನ್ನು ಮೇಜಿನ ಮೇಲಿಟ್ಟರು.

ದೊಡ್ಡ ಇಗರ್ಜಿಯ ಗಾನಗುರುವಾಗಿದ್ದ ಅವರು ವಯಸ್ಸಾಗಿ ಬಿಟ್ಟುಕೊಡುತ್ತಿದ್ದ ಸ್ಥಾನಕ್ಕೆ ಮೂವರು ಸ್ಪರ್ಧಿಸಿದ್ದರು. ಒಂದಿಡೀ ದಿನ ಬೇರೆ ಬೇರೆ ಕೋಣೆಗಳಲ್ಲಿ ಬೀಗ ಹಾಕಿ ಕೂರಿಸಿ, ಕೊಟ್ಟ ಸ್ತುತಿಗೆ ನಾಲ್ಕು ದನಿಗಳ ಸಂಗೀತ ಬರೆಸಲಾಗಿತ್ತು. ಹಾಳೆಗಳ ಮೇಲೆ ಹೆಸರಿರಲಿಲ್ಲ. ಆದರೆ ಎಂಟನೇ ವಯಸ್ಸಿನಿಂದ ತಾವೇ ತಿದ್ದಿಸಿದ ಶಿಷ್ಯ ನಿಕಾಸಿಯೊನ ಕೈಬರಹ ಕ್ರಿಸಾಂತೊಗೆ ತಿಳಿಯದಿರುತ್ತದೆಯೇ? ತಿಳಿದದ್ದರಿಂದಲೇ ಅದನ್ನು ಮೂರು ಸಲ ಓದಿದ್ದರು. ಉಳಿದೆರಡನ್ನು ಒಂದೊಂದೇ ಸಲ.

"ಮೂರರಲ್ಲೂ ಇದೇ ಮೇಲು ಅನ್ನಿಸ್ತಲ್ಲ ನಂಗೆ," ಎಂದರು ಜೊತೆಗೆ ತೀರ್ಪಿಗೆ ಕೂತಿದ್ದ ಪಾದ್ರಿ ಬೆರ್ನಾಲ್.

"ಇಲ್ನೋಡಿ ಸ್ವಾಮಿ. ಮೇಲಿನ ದನಿ, ಕೆಳಗಿನ ದನಿ ಒಂದೇ ಅಂತರ ಇಟ್ಕೊಂಡು ಜೋಡೆತ್ತಿನ ಹಾಗೆ ಒಟ್ಟಿಗೆ ಹೆಜ್ಜೆ ಹಾಕಿವೆ. ಇದು ಕೂಡದು. ಯಾರೇ ಬರೆದಿರಲಿ, ಬಿಡೋ ಹಾಗಿಲ್ಲ."

ಸ್ಥಾನ ಪ್ಯೂಬ್ಲಾ ನಗರದಿಂದ ಬಂದಿದ್ದ ಸ್ಪರ್ಧಿಗೆ ಹೋಯಿತು.

ಮರುದಿನ ಬೆಳಿಗ್ಗೆ ನಿಕಾಸಿಯೊ ಹೇಳಿಹೋಗಲು ಬಂದ. ಕ್ರಿಸಾಂತೊರ ತಂಗಿ ಪೆತ್ರೋನಾ ಬಿಸಿ ಚಾಕೊಲೇಟಿನ ಬಟ್ಟಲು ಅವನ ಕೈಗಿಟ್ಟಳು.

"ಅಮ್ಮ ಸತ್ತಾಗ ಅತ್ತೋರಲ್ಲೂ ಶ್ರುತಿ ತಪ್ಪು ಹುಡುಕಿದ ಮನುಷ್ಯ ನಮ್ಮಣ್ಣ. ನೀನು ಕುಡಿಯಪ್ಪ."

"ಎಲ್ಲಿಗೆ ಹೊರಟೆ?" ಕ್ರಿಸಾಂತೊ ಕೇಳಿದರು.

"ಗ್ವಾಟೆಮಾಲಾಗೆ. ನೀಲಿ ಬಣ್ಣ ತರೋಕೆ ಹೋಗೋ ವ್ಯಾಪಾರಿಗಳ ಹೇಸರಗತ್ತೆ ನೋಡ್ಕೋತೀನಿ."

"ಮತ್ತೆ ಸಂಗೀತ?"

"ಬರೆದ್ರೆ ಹಾಡೋರು ಬೇಕಲ್ಲ ಗುರುಗಳೇ. ಹೇಸರಗತ್ತೆಗಳಿಗೆ ಹಾಡ್ತೀನಿ, ಅವು ತಪ್ಪು ಹಿಡಿಯಲ್ಲ." ಅವನು ಬಟ್ಟಲು ಬಾಯಿಗೆತ್ತಿದ. "ಅಂದಹಾಗೆ, ನಂದು ತಪ್ಪಿದ್ದು ಎಲ್ಲಿ?"

"ಹನ್ನೊಂದನೇ ಸಾಲು. ಎರಡು ದನಿ ಜೋಡೆತ್ತಿನ ಹಾಗೆ ಹೋಗಿವೆ."

ಬಟ್ಟಲು ತುಟಿಯ ಬಳಿಯೇ ನಿಂತಿತು. ಆಮೇಲೆ ಅವನು ನಕ್ಕುಬಿಟ್ಟ.

"ಕೈಗೆ ಅಭ್ಯಾಸ ಆಗೋಗಿದೆ."

"ಅಭ್ಯಾಸವೇ? ಅಂಥಾದ್ದನ್ನ ನಾನ್ಯಾವತ್ತು ಕಲಿಸಿದ್ದೆ?"

ನಿಕಾಸಿಯೊ ಬಟ್ಟಲು ಕೆಳಗಿಟ್ಟ. ಬಾಗಿ ಅವರ ಕೈಗೆ ಮುತ್ತಿಟ್ಟು, "ಹೊತ್ತಾಯ್ತು ಗುರುಗಳೇ, ಅವರು ಕಾಯಲ್ಲ," ಎಂದು ಹೊರಟ.

ಮಧ್ಯಾಹ್ನ ಕ್ರಿಸಾಂತೊ ಹೊಸಬನಿಗೆ ಒಪ್ಪಿಸಬೇಕಾದ ಕಾಗದಗಳನ್ನು ವಿಂಗಡಿಸಲು ಪೆಟ್ಟಿಗೆ ತೆರೆದರು. ತಳದಲ್ಲಿ ನಿಕಾಸಿಯೊನ ಮೊದಲ ಅಭ್ಯಾಸದ ಪುಸ್ತಕವಿತ್ತು. ಅದರಲ್ಲಿದ್ದದ್ದು ಅವರೇ ಪ್ರಾಯದಲ್ಲಿ ಕಟ್ಟಿದ ಒಂದು ಸ್ತುತಿ, ನಕಲು ಮಾಡಲು ಅವನಿಗೆ ಕೊಟ್ಟದ್ದು. ಓದುತ್ತಾ ಹೋದ ಅವರ ಬೆರಳು ಒಂದೆಡೆ ನಿಂತಿತು. ಅಲ್ಲಿ ಎಂಟು ವರ್ಷದ ಹುಡುಗ ಒಂದು ಸ್ವರವನ್ನು ಮೂಲದಲ್ಲಿದ್ದಂತೆ ಬರೆಯದೆ ಒಂದು ಮೆಟ್ಟಿಲು ಕೆಳಗಿಳಿಸಿದ್ದ. ಮೂಲದಲ್ಲಿದ್ದ ಜೋಡೆತ್ತು ಬೇರ್ಪಟ್ಟಿತ್ತು. ಸರಿಯಾಗಿತ್ತು.

ಅದರ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಕ್ರಿಸಾಂತೊರದೇ ಅಕ್ಷರ: "ಗುರು ಬರೆದದ್ದನ್ನು ತಿದ್ದಬೇಡ. ಇದ್ದ ಹಾಗೆ ಬರೆ. ನೂರು ಸಲ."

ಅವರು ಪುಟ ತಿರುವಿದರು. ಮತ್ತೊಂದು ತಿರುವಿದರು. ಪುಟ್ಟ ಕೈಯ ಬರಹದಲ್ಲಿ ಅವೇ ಜೋಡೆತ್ತುಗಳು ಸಾಲಿನಿಂದ ಸಾಲಿಗೆ, ಒಂದರ ಹಿಂದೊಂದು, ತಲೆ ಬಗ್ಗಿಸಿಕೊಂಡು ಹೋಗುತ್ತಲೇ ಇದ್ದವು.