ಸೂಜಿ ಚುಚ್ಚಿದ್ದು ಯಾರಿಗೆ

ಜ್ವರದ ಮಂಪರಿನಲ್ಲಿ ಬಾಯಿತಪ್ಪಿ ಏನಾದರೂ ಅಂದುಬಿಟ್ಟೇನು ಎಂಬುದೇ ಮೂರು ದಿನದಿಂದ ನನ್ನ ಭಯ.

ಡಾಕ್ಟರು ಸ್ಕ್ಯಾನಿಂಗ್ ರಿಪೋರ್ಟಿನಿಂದ ತಲೆಯೆತ್ತಿದರು. "ಅಂಡಾಶಯದಲ್ಲಿ ಎಂಡೊಮೆಟ್ರಿಯೋಸಿಸ್ ಗಡ್ಡೆ ಮೊದಲೇ ಇತ್ತಲ್ಲ, ಈಗ ಅದರಲ್ಲಿ ಕೀವು ತುಂಬಿದೆ. ಈಚೆಗೆ ಅಲ್ಲಿಗೆ ಸೂಜಿ ಏನಾದ್ರೂ ಹಾಕಿದ್ರಾ?"

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅಮ್ಮ.

"ಅಯ್ಯೋ, ಮದುವೆಯಾಗದ ಹುಡುಗಿ ಡಾಕ್ಟ್ರೇ! ಸೂಜಿ ಗೀಜಿ ಎಲ್ಲ ಇವಳಕ್ಕನಿಗೆ. ಹತ್ತು ವರ್ಷ ಕಾದು, ಈಗ ಮೂರು ತಿಂಗಳು."

ಡಾಕ್ಟರು ನನ್ನ ಕಡೆಗೇ ತಿರುಗಿದರು. "ನೀನು ಹೇಳಮ್ಮ. ಮುಚ್ಚಿಟ್ಟರೆ ಜೀವಕ್ಕೇ ಅಪಾಯ."

ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಕೈ ಬಿಗಿಯಾಗಿ ಅದುಮಿದಳು. ನಾನು ಮೆಲ್ಲಗೆ ಕೈ ಬಿಡಿಸಿಕೊಂಡೆ.

"ಹಾಕಿದ್ರು ಡಾಕ್ಟ್ರೇ. ಅಕ್ಕನ ಹೊಟ್ಟೇಲಿರೋ ಮಗುವಿಗೆ ಅಂಡಾಣು ತೆಗೆದದ್ದು ನನ್ನಿಂದ."