ಅಂಟಿನ ಕಲೆ

ಧೂಳು ಒರೆಸುವಾಗ ಮಾವನವರ ಪುಟ್ಟ ಮಾದರಿ ರೈಲುಬಸ್ಸು ವಾರಿಜಳ ಕೈಜಾರಿ ಬಿದ್ದು ಚೂರುಚೂರಾಯಿತು. ತೀರಿಕೊಳ್ಳುವ ಮುನ್ನ ಅವರು ನಡುಗುವ ಕೈಯಲ್ಲೇ ಕಿಟ್ ಬಿಚ್ಚಿ ಜೋಡಿಸಿದ ಕೊನೆಯ ಗಾಡಿ ಅದು. ಗಂಡ ಅದನ್ನು ಗಾಜಿನ ಕಪಾಟಿನಿಂದ ಹೊರತೆಗೆದದ್ದನ್ನು ಅವಳು ಮದುವೆಯಾಗಿ ಬಂದಮೇಲೆ ನೋಡಿರಲಿಲ್ಲ.

ನಿಜ ಹೇಳಲು ಬಾಯಿ ಬರಲಿಲ್ಲ. ಚೂರುಗಳನ್ನು ಗುಡಿಸಿ ಕಸದ ಗಾಡಿಗೆ ಹಾಕಿ, ಅದೇ ಕಿಟ್ ಹುಡುಕಿಕೊಂಡು ಅಂಗಡಿಗೆ ಹೋದಳು.

"ಮೋಟರ್ ಕಿಟ್‌ನಲ್ಲಿ ಇರಲ್ಲ ಮೇಡಂ, ಬೇರೆ ತಗೋಬೇಕು. ಅದೂ ಕೊಡ್ಲಾ?"

"ಕೊಡಿ, ಕೊಡಿ. ಏನೂ ಕಮ್ಮಿಯಾಗಬಾರದು."

ಕಪಾಟಿನ ಖಾಲಿ ಜಾಗ ಕಾಣದಂತೆ ಬೇರೆ ಗಾಡಿಗಳನ್ನು ಸರಿಸಿಟ್ಟು, ಗಂಡ ಕೆಲಸಕ್ಕೆ ಹೋದಮೇಲೆ ದಿನಾ ಕೂತು ಅಂಟಿಸಿದಳು, ಕೆಂಪು ಬಣ್ಣ ಬಳಿದಳು, ತಳದಲ್ಲಿ ಮೋಟರ್ ಕೂರಿಸಿದಳು. ಗಾಡಿಯ ಬಾಗಿಲ ಬಳಿ ಮಾವನ ಕೈಯಿಂದ ಬಿದ್ದಿದ್ದ ಅಂಟಿನ ಕಲೆಯನ್ನೂ ನೆನಪಿನಿಂದ ಮೂಡಿಸಿದಳು.

ಮಾವ ಇದ್ದಿದ್ದರೆ ಎಪ್ಪತ್ತೆಂಟು ತುಂಬುತ್ತಿದ್ದ ದಿನ, ಗಂಡ ಮೇಜಿನ ಮೇಲೆ ಹಳಿ ಜೋಡಿಸಿ ರೈಲುಬಸ್ಸನ್ನು ಇಟ್ಟ.

"ಈ ಕಲೆ ನೋಡೇ," ಎಂದು ಅವನು ನಕ್ಕ. "ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ. ಆದ್ರೂ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ ಅಪ್ಪ."

"ಹೂಂ."

"ಇರು, ಬಂದೆ," ಎಂದು ಅವನು ಕಪಾಟಿನತ್ತ ತಿರುಗಿದ.

ಗೊತ್ತಾಗಲಿಲ್ಲ! ಎದೆ ಹಗುರಾಗಿ, ವಾರಿಜ ತಾನೇ ಹಳಿಗೆ ಕರೆಂಟ್ ಕೊಡುವ ಗುಂಡಿ ತಿರುಗಿಸಿದಳು. ರೈಲುಬಸ್ಸು ಸರಾಗವಾಗಿ ಒಂದು ಸುತ್ತು ಹಾಕಿತು.

"ಎಷ್ಟು ಚೆನ್ನಾಗಿ ಓಡುತ್ತೆ ನೋಡಿ, ಮಾವನ ಗಾಡಿ!"

ಅದನ್ನು ಎಳೆಯಲೆಂದು ತಂದ ಎಂಜಿನ್ನನ್ನು ಕೈಯಲ್ಲಿ ಹಿಡಿದು ಗಂಡ ನಿಂತೇ ಇದ್ದ.

"ಇದಕ್ಕೆ ಮೋಟರ್ ಹಾಕೋ ಮೊದಲೇ ಅಪ್ಪ ಹೋಗ್ಬಿಟ್ರಲ್ಲೇ, ವಾರಿಜಾ."