ಪಟ್ಟಿಯಲ್ಲಿಲ್ಲದ ಯಂತ್ರ

ಮತ್ತೆ ಅದೇ. ಉಸ್ತುವಾರಿಯವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹಲ್ಲು ಕಡಿದ. ಹನ್ನೊಂದನೇ ಕಂಬದ ಸುತ್ತಲಿನ ಯಾವುದೋ ಯಂತ್ರ, ಅವನು ಕೆಲಸಕ್ಕೆ ಬಂದು ಕೂತಾಗಿನಿಂದ ಬಿಡುವಿಲ್ಲದೆ ಅರಚುತ್ತಿತ್ತು.

ಊರಿನ ಯಂತ್ರಗಳೆಲ್ಲ ಬೀದಿಯ ಕಂಬಗಳ ಮೂಲಕ ತಂತಿಯಿಲ್ಲದೆ ಮಾತಾಡಿಕೊಳ್ಳುವ ಕಾಲ. ತೊಟ್ಟಿ ಬರಿದಾದರೆ ತೊಟ್ಟಿಯೇ ಪಂಪಿಗೆ ಹೇಳಬೇಕು. ಆದರೆ ಸಂತೆಯಲ್ಲಿ ಒಬ್ಬ ಗಂಟಲು ಹರಿದುಕೊಂಡರೆ ಪಕ್ಕದವನ ಮಾತು ಕೇಳೀತೇ? ಅದೇ ಕಂಬದಡಿಯ ಆಸ್ಪತ್ರೆಯ ತೊಟ್ಟಿ ತಳ ಕಾಣುತ್ತಿತ್ತು. ಅದರ ಮಾತು ಪಂಪಿಗೆ ಮುಟ್ಟುತ್ತಿರಲಿಲ್ಲ. ಕೈಯಿಂದ ಒತ್ತೋಣವೆಂದರೆ ಹೊಸ ಪಂಪಿಗೆ ಗುಂಡಿಯೇ ಇಲ್ಲ. ಹತ್ತೂವರೆಯೊಳಗೆ ನೀರು ಏರದಿದ್ದರೆ ನಾಳೆಯಿಂದ ಬರಬೇಡ ಎಂದು ಸಾಹೇಬರು ಫೋನಿಟ್ಟಿದ್ದರು.

ಬೆಳಗ್ಗೆಯೇ ತಲೆ ಕೆಟ್ಟಿತ್ತು. ಹೊರಡುವಾಗ ತಾಯಿ, ಅವನೇ ಅವಳ ಕೈಗೆ ಕಟ್ಟಿದ ಹೊಸ ಗಡಿಯಾರ ತುರಿಸುತ್ತದೆ, ಬಿಚ್ಚಲೇ ಎಂದಿದ್ದಳು. ಎಂಥ ನೋವಿಗೂ ಬಾಯಿ ಬಿಡದವಳು ತುರಿಕೆಗೆ ರಾಗ ಎಳೆಯುತ್ತಾಳಲ್ಲ ಎಂದು ರೇಗಿ, ಸತ್ತರೂ ಬಿಚ್ಚಬೇಡ ಎಂದು ಬಂದಿದ್ದ.

ಅರಚುವ ಯಂತ್ರ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ್ದರ ಮಾತನ್ನು ಯಾರಿಗೂ ತಲುಪಿಸದೆ ತಡೆದಿಡಬೇಕು; ಈ ನಿಯಮ ತಂದವನು ಅವನೇ. ಮುಟ್ಟಿತು ಎಂಬ ಉತ್ತರ ಸಿಗುವವರೆಗೆ ಯಂತ್ರ ಹೇಳಿದ್ದನ್ನೇ ಹೇಳುತ್ತದೆ. ಪಟ್ಟಿಗೆ ಸೇರಿಸಲು ನಾಲ್ಕು ಪುಟದ ನಮೂನೆ ತುಂಬಲು ಜನಕ್ಕೇನು ರೋಗ?

ಹನ್ನೊಂದನೇ ಕಂಬ ಅವನದೇ ಬೀದಿಯದು. ಬೀದಿಯ ಮೂಲೆಯಲ್ಲಿ ಹೆಂಡತಿಯ ತಮ್ಮನ ರಿಪೇರಿ ಅಂಗಡಿ. ಕದ್ದುಮುಚ್ಚಿ ಕ್ಯಾಮೆರಾ ಜೋಡಿಸಿ ಎರಡು ಸಲ ಸಿಕ್ಕಿಬಿದ್ದ ಭೂಪ. ಫೋನಿನಲ್ಲಿ ಹನ್ನೊಂದನೇ ಕಂಬ ಅಂದದ್ದೇ ತಡ, ಅವನು ಬಡಬಡಿಸಿದ.

"ನಾನಲ್ಲ ಭಾವ. ಇನ್ನೂ ಬಾಗಿಲೇ ತೆಗೆದಿಲ್ಲ. ಅಕ್ಕನ್ನ ಬಸ್ಸು ಹತ್ತಿಸೋಕೆ ಬಂದಿದ್ದೀನಿ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಯಲ್ಲೋ."

"ನಿಮ್ಮ ಪಟ್ಟೀನ ನೀವೇ ಒಂದ್ಸಲ ಸರಿಯಾಗಿ ನೋಡಿ, ಭಾವ."

ಮಾತಿಗೆ ಮಾತು ಬೇರೆ. ಫೋನು ಕುಕ್ಕಿದ. ಹತ್ತೂ ಇಪ್ಪತ್ತು. ಇನ್ನು ಕಾಯುವುದು ಬೇಡವೆಂದು ಆ ಯಂತ್ರದ ಬಾಯಿ ಮುಚ್ಚಿಸುವ ಆಜ್ಞೆ ಕೊಟ್ಟ.

ಅರಚಾಟ ನಿಂತಿತು. ತೊಟ್ಟಿ ಕೂಗಿದ್ದು ಪಂಪಿಗೆ ಕೇಳಿಸಿತು. ನೀರಿನ ಗೆರೆ ಬೆರಳಷ್ಟು ಏರಿತು, ಗೇಣಷ್ಟು ಏರಿತು. ಸಾಹೇಬರು ಭೇಷ್ ಎಂದರು. ಅವನು ಬೆವರು ಒರೆಸಿಕೊಂಡ. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಮೈದುನನ ಮುಖಕ್ಕೆ ಹಿಡಿಯಲು ಸಾಕ್ಷಿ ಬೇಕಿತ್ತು. ತಡೆದಿಟ್ಟ ಮಾತುಗಳನ್ನು ತೆರೆದ.

ಎರಡು ಸಾವಿರಕ್ಕೂ ಮಿಕ್ಕಿದ್ದವು. ಎಲ್ಲವೂ ಒಂದೇ. ಹೋದ ಭಾನುವಾರ ಗಡಿಯಾರದೊಳಗೆ ಅವನೇ ಬರೆದಿಟ್ಟು, ಪಟ್ಟಿಗೆ ನಾಳೆ ಸೇರಿಸಿದರಾಯಿತು ಎಂದು ಮರೆತಿದ್ದ ಸಾಲು.

"ಅಮ್ಮ ಬಿದ್ದಿದ್ದಾಳೆ. ಬೇಗ ಬಾ."